ಮನೆಯಲ್ಲಿ ಕಲಿಯುವ ಮಕ್ಕಳಿಗೆ ಚರಿತ್ರೆಯ ಪಾಠ

ಈ ಸಂಚಿಕೆಗೆ ಲೇಖನವೊಂದನ್ನು ಬರೆದುಕೊಡಬೇಕೆಂದು ಸಂಪಾದಕ ಮಂಡಲಿಯವರು ಕೇಳಿದಾಗ, ನಿವೃತ್ತನಾದ ಚರಿತ್ರೆಯ ಉಪಾಧ್ಯಾಯನಿಂದ ಅವರು ನಿರೀಕ್ಷಿಸಿದ್ದು ಬಹುಶಃ ಶಾಲೆಯ ಹಿಂದಿನ ದಿನಗಳನ್ನು ಕುರಿತ ನಾಲ್ಕು ಮಾತುಗಳನ್ನು. ಅದನ್ನು ನನಗಿಂತ ಚೆನ್ನಾಗಿ ಬರೆಯಬಲ್ಲವರು ಇದೇ ಸಂಚಿಕೆಯಲ್ಲಿದ್ದಾರೆ. ನಾನು ಬೇರೊಂದು ವಿಷಯವನ್ನು ಎತ್ತಿಕೊಂಡಿದ್ದೇನೆ. ಅದು ಮೊದಲ ನೋಟಕ್ಕೆ ನಮ್ಮ ಶಾಲೆಗೆ ದೂರದ್ದೆಂದು ತೋರಬಹುದು. ಓದುಗರು ಸ್ವಲ್ಪ ತಾಳ್ಮೆಯಿಂದಿರಬೇಕೆಂದು ಕೋರುತ್ತೇನೆ.

ಕಳೆದ ವರ್ಷದ ಜೂನ್ ತಿಂಗಳಲ್ಲಿ, ಮುಂಗಾರು ಇನ್ನೂ ಬಲಗೊಳ್ಳುವ ಮೊದಲು, ಇಲ್ಲಿಯ ಹಿರಿಯ ವಿದ್ಯಾರ್ಥಿಯೊಬ್ಬ ಹೆಂಡತಿ ಮಕ್ಕಳೊಂದಿಗೆ ನಮ್ಮ ಮನೆಗೆ ಬಂದ. ಆತ ಕ್ಯಾಲಿಫೋರ್ನಿಯದಲ್ಲಿ ನೆಲೆಸಿ ಹದಿನೈದು ವರ್ಷಗಳ ಮೇಲಾಯಿತು. ಹದಿಮೂರು ವರ್ಷದ ಹಿರಿಯ ಮಗಳು, ಹತ್ತು ವರ್ಷದ ಮಗ, ಆರು ವರ್ಷದ ಕಿರಿಯ ಮಗಳು. ಕುಶಲ ಪ್ರಶ್ನೆಗಳು ಮುಗಿದ ಮೇಲೆ, ಮಕ್ಕಳನ್ನು ಶಾಲೆಯಿಂದ ಬಿಡಿಸಿ ಮನೆಯಲ್ಲಿಯೇ ಕಲಿಸಲು ನಿಶ್ಚಯಿಸಿರುವುದಾಗಿ ಗಂಡಹೆಂಡಿರಿಬ್ಬರೂ ತಿಳಿಸಿದರು. ಮೂವತ್ತೊಂದು ವರ್ಷ ಶಾಲೆಯ ಗಂಟೆಗೆ ಎದ್ದು ಗಂಟೆಗೆ ಕುಳಿತವನಿಗೆ ಈ ಸುದ್ದಿ ಸಂತೋಷವನ್ನೇನೂ ಕೊಡಲಿಲ್ಲ. ಗಣಿತ, ವಿಜ್ಞಾನಗಳ ವಿಷಯದಲ್ಲಿ ಅವರಿಗೆ ಚಿಂತೆಯಿರಲಿಲ್ಲ, ಇಬ್ಬರೂ ಎಂಜಿನಿಯರುಗಳು. ತೊಡಕಾಗಿದ್ದುದು ಚರಿತ್ರೆ. "ಸಾರ್, ಮೂವರಿಗೆ ಮೂರು ಪಠ್ಯಕ್ರಮ ತರಿಸಬೇಕೋ, ಒಂದೇ ಸಾಕೋ? ತರಿಸುವುದಾದರೆ ಯಾವುದನ್ನು?" ಎಂದು ಆಕೆ ಕೇಳಿದರು.

ನಾನು ಉತ್ತರಿಸುವ ಮೊದಲೇ ನನ್ನ ಶಿಷ್ಯ ನಕ್ಕು ಹೇಳಿದ: "ಮೂರನೆಯ ಪಾಣಿಪತ್ ಯುದ್ಧಕ್ಕೆ ತಾವು ಐದು ಕಾರಣಗಳನ್ನು ಬರೆಸಿದ್ದಿರಿ, ಸಾರ್. ಐದು ಕಾರಣಗಳಿದ್ದವು ಎಂಬುದು ನನಗೆ ಚೆನ್ನಾಗಿ ನೆನಪಿದೆ. ಯಾರು ಯಾರೊಡನೆ ಹೋರಾಡಿದರು ಎಂಬುದು ಮಾತ್ರ ಮರೆತಿದೆ." ಮಾತು ವಿನೋದದ್ದೇ ಆದರೂ ಅದು ನಾಟಬೇಕಾದಲ್ಲಿ ನಾಟಿತು. 1761ರ ಜನವರಿ 14ರಂದು ಮರಾಠರೂ ಅಹ್ಮದ್ ಶಾ ಅಬ್ದಾಲಿಯೂ ಎದುರಾದರೆಂಬುದನ್ನು ನಾನು ಎಷ್ಟು ವರ್ಷ, ಎಷ್ಟು ತರಗತಿಗಳಿಗೆ, ಒಂದೇ ಟಿಪ್ಪಣಿಯಿಂದ ಬರೆಸಿದ್ದೇನೋ! ಒಮ್ಮೆ ಒಬ್ಬ ಹುಡುಗ ಎದ್ದು ನಿಂತು, "ಇದು ನಮಗೆ ಹೇಗೆ ಗೊತ್ತಾಯಿತು?" ಎಂದು ಕೇಳಿದ. ಪಾಠ ಮುಗಿಸುವ ಅವಸರದಲ್ಲಿದ್ದ ನಾನು ಕುಳಿತುಕೋ ಎಂದೆ. ಆತ ಕುಳಿತ. ಚರಿತ್ರೆಯನ್ನು ಕುರಿತು ಕೇಳಬಹುದಾದ ಅತ್ಯುತ್ತಮ ಪ್ರಶ್ನೆಯನ್ನು ಆ ದಿನ ಕೂರಿಸಿಬಿಟ್ಟವನು ನಾನೇ. ಆದುದರಿಂದ ಮುಂದೆ ಬರೆಯುವುದನ್ನು ಗೆದ್ದವನ ಉಪದೇಶವೆಂದು ಯಾರೂ ಭಾವಿಸಬಾರದು.

ಮನೆಯ ಶಿಕ್ಷಣವೆಂಬುದು ಅಲ್ಲಿ ಕದ್ದುಮುಚ್ಚಿ ನಡೆಯುವ ಕಾರ್ಯವಲ್ಲ. ಕ್ಯಾಲಿಫೋರ್ನಿಯದ ತಂದೆತಾಯಿಗಳು ಪ್ರತಿವರ್ಷ ಅಕ್ಟೋಬರ್ 1ರಿಂದ 15ರ ಒಳಗೆ ಸರ್ಕಾರಕ್ಕೆ ಒಂದು ಪ್ರಮಾಣಪತ್ರವನ್ನು ಸಲ್ಲಿಸಿದರೆ ಅವರ ಮನೆಯೇ ಒಂದು ಖಾಸಗಿ ಶಾಲೆಯೆನಿಸುತ್ತದೆ. ಹಾಜರಿ ಪುಸ್ತಕವನ್ನಿಡಬೇಕು, ಪಾಠ ವಿಷಯಗಳ ವಿವರವನ್ನಿಡಬೇಕು. 2008ರ ಆರಂಭದಲ್ಲಿ ಅಲ್ಲಿಯ ಮೇಲ್ಮನವಿ ನ್ಯಾಯಾಲಯವೊಂದು ಇದಕ್ಕೆ ಅಡ್ಡಿ ತಂದಿತಾದರೂ, ಅದೇ ವರ್ಷದ ಆಗಸ್ಟ್‌ನಲ್ಲಿ ಮರುವಿಚಾರಣೆ ನಡೆಸಿ ತನ್ನ ತೀರ್ಪನ್ನು ತಾನೇ ಬದಲಿಸಿಕೊಂಡಿತು. 2020ರ ಸಾಂಕ್ರಾಮಿಕದ ಕಾಲದಲ್ಲಿ ಈ ಪದ್ಧತಿ ಬೆಳೆದ ಬಗೆ ಬೆರಗು ಹುಟ್ಟಿಸುವಂಥದು: ಮಕ್ಕಳಿಗೆ ಮನೆಯಲ್ಲಿ ಕಲಿಸುವ ಕುಟುಂಬಗಳ ಪ್ರಮಾಣ ಆ ವರ್ಷದ ವಸಂತದಲ್ಲಿ ಶೇಕಡ 5.4 ಇದ್ದುದು ಶರತ್ಕಾಲಕ್ಕೆ ಶೇಕಡ 11.1ಕ್ಕೆ ಏರಿತೆಂದು ಅಮೆರಿಕದ ಜನಗಣತಿ ಸಂಸ್ಥೆಯೇ ಲೆಕ್ಕ ಕೊಟ್ಟಿತು. ನಮ್ಮಲ್ಲಿಯಾದರೋ 2009ರ ಶಿಕ್ಷಣ ಹಕ್ಕಿನ ಕಾಯಿದೆ ಆರರಿಂದ ಹದಿನಾಲ್ಕರ ವಯಸ್ಸಿನ ಎಲ್ಲ ಮಕ್ಕಳಿಗೂ ಶಾಲೆಯನ್ನೇ ಹೇಳುತ್ತದೆ. ಮನೆಯ ಪಾಠವನ್ನು ಹೆಸರಿಟ್ಟು ಹೇಳುವುದಿಲ್ಲ. ಹಾಗಿದ್ದೂ ಮಕ್ಕಳನ್ನು ಮನೆಯಲ್ಲಿ ಕಲಿಸಿ ರಾಷ್ಟ್ರೀಯ ಮುಕ್ತ ಶಾಲಾ ಸಂಸ್ಥೆಯ ಪರೀಕ್ಷೆಗೆ ಕೂರಿಸುವ ಕುಟುಂಬಗಳು ಬೆಂಗಳೂರಿನಂಥ ನಗರಗಳಲ್ಲಿ ಇವೆ. ಈ ಕ್ರಮ ಒಳ್ಳೆಯದೋ ಕೆಟ್ಟದೋ ಎಂಬ ಚರ್ಚೆಗೆ ನಾನು ಇಳಿಯುವುದಿಲ್ಲ. ಒಬ್ಬ ತಾಯಿ ಮೂರು ವಯಸ್ಸಿನ ಮಕ್ಕಳನ್ನು ಒಂದೇ ಊಟದ ಮೇಜಿನ ಸುತ್ತ ಕೂರಿಸಿಕೊಂಡಿದ್ದಾಳೆ. ಆಕೆ ಏನು ಮಾಡಬೇಕು ಎಂಬುದಷ್ಟೇ ಪ್ರಶ್ನೆ.

ಮೂರು ಪಠ್ಯಕ್ರಮಗಳು ಬೇಡ ಎಂಬುದು ನನ್ನ ಖಚಿತವಾದ ಅಭಿಪ್ರಾಯ. ಹಿರಿಯಳು ಫ್ರಾನ್ಸಿನ ಕ್ರಾಂತಿಯಲ್ಲಿ, ನಡುವಣವನು ಮೌರ್ಯರಲ್ಲಿ, ಕಿರಿಯಳು ಪಿರಮಿಡ್ಡಿನ ಬುಡದಲ್ಲಿ ಇದ್ದರೆ ತಾಯಿಗೆ ದಿನಕ್ಕೆ ಮೂರು ಶತಮಾನಗಳ ಓಡಾಟ. ಅದಕ್ಕಿಂತ ಹೆಚ್ಚಿನ ನಷ್ಟವೆಂದರೆ, ಮಕ್ಕಳು ಪರಸ್ಪರ ಮಾತನಾಡಲು ಏನೂ ಉಳಿಯುವುದಿಲ್ಲ. ಗಣಿತದಲ್ಲಿ ಕೂಡುವುದನ್ನು ಕಲಿಯದೆ ಗುಣಿಸುವಂತಿಲ್ಲ, ಅಲ್ಲಿ ಮೆಟ್ಟಿಲುಗಳುಂಟು. ಚರಿತ್ರೆಯಲ್ಲಿ ಆ ಬಗೆಯ ಮೆಟ್ಟಿಲುಗಳಿಲ್ಲ. ಒಂದೇ ಬಾವಿಯಿಂದ ಒಬ್ಬನು ಕೊಡದಲ್ಲಿ, ಒಬ್ಬಳು ತಂಬಿಗೆಯಲ್ಲಿ ನೀರು ಸೇದಬಹುದು.

ಇದು ಹೊಸ ವಿಚಾರವೇನಲ್ಲ. ನಮ್ಮ ಹಳ್ಳಿಗಳ ಕೂಲಿಮಠಗಳಲ್ಲಿ ಐದರ ಮಗುವೂ ಹದಿನೈದರ ಹುಡುಗನೂ ಒಂದೇ ಜಗುಲಿಯ ಮೇಲೆ ಕುಳಿತಿದ್ದರು. ಮರಳಿನ ಮೇಲೆ ಅಕ್ಷರ ತಿದ್ದುವ ಕಿರಿಯನಿಗೆ ಬೆರಳು ಹಿಡಿದು ತಿದ್ದಿಸುತ್ತಿದ್ದವನು ಹಿರಿಯ ವಿದ್ಯಾರ್ಥಿಯೇ. ಹದಿನೆಂಟನೆಯ ಶತಮಾನದ ಕೊನೆಯಲ್ಲಿ ಮದರಾಸಿನ ಅನಾಥಾಲಯವೊಂದನ್ನು ನಡೆಸುತ್ತಿದ್ದ ಆಂಡ್ರೂ ಬೆಲ್ ಎಂಬ ಪಾದ್ರಿ ಈ ಪದ್ಧತಿಯನ್ನು ಕಂಡು, ಅದನ್ನೇ ಮದರಾಸು ಪದ್ಧತಿಯೆಂದು ಇಂಗ್ಲೆಂಡಿಗೆ ಒಯ್ದ. ತೀರ ಈಚೆಗೆ, 1995ರಲ್ಲಿ, ಹೆಗ್ಗಡದೇವನಕೋಟೆ ತಾಲ್ಲೂಕಿನ ಶಾಲೆಗಳಲ್ಲಿ ಮೊದಲಾದ ನಲಿ-ಕಲಿಯೂ ಬೇರೆ ಬೇರೆ ತರಗತಿಯ ಮಕ್ಕಳನ್ನು ಒಂದೇ ಕೊಠಡಿಯಲ್ಲಿ ಕಲಿಸುವ ಕ್ರಮವೇ. ಇಬ್ಬರೇ ಉಪಾಧ್ಯಾಯರಿರುವ ಶಾಲೆಯಲ್ಲಿ ದುಡಿಯುವ ನನ್ನ ಮಿತ್ರರಿಗೆ ಆ ಅಮೆರಿಕದ ತಾಯಿಯ ಕಷ್ಟ ನಾನು ವಿವರಿಸದೆಯೇ ಅರ್ಥವಾದೀತು.

ಮನೆಯ ಶಿಕ್ಷಣಕ್ಕಾಗಿ ಅಲ್ಲಿ ದೊರೆಯುವ ಪಠ್ಯಕ್ರಮಗಳಲ್ಲಿ ಎರಡು ಪರಂಪರೆಗಳು ಪ್ರಧಾನವಾದುವು. ಮೊದಲನೆಯದು ಇಂಗ್ಲೆಂಡಿನ ಷಾರ್ಲಟ್ ಮೇಸನ್ ಎಂಬಾಕೆಯದು. 1842ರಲ್ಲಿ ಹುಟ್ಟಿ 1923ರಲ್ಲಿ ತೀರಿಕೊಂಡ ಈ ಶಿಕ್ಷಕಿ, ಪಠ್ಯಪುಸ್ತಕದ ಒಣಗಿದ ಸಾರಾಂಶಗಳ ಬದಲು ಒಬ್ಬ ಲೇಖಕ ಮನಸ್ಸಿಟ್ಟು ಬರೆದ ಜೀವಂತ ಪುಸ್ತಕವನ್ನು ಓದಿಸಬೇಕು, ಕೇಳಿದ ಮಗು ಅದನ್ನು ತನ್ನ ಮಾತಿನಲ್ಲಿ ಮರಳಿ ಹೇಳಬೇಕು ಎಂದಳು. ಪ್ರತಿ ಶತಮಾನಕ್ಕೂ ಪುಟಗಳನ್ನು ಮೀಸಲಿಟ್ಟ ಒಂದು ಖಾಲಿ ಪುಸ್ತಕವನ್ನು ಮಗುವಿಗೆ ಕೊಡುವುದು ಆಕೆಯ ಪದ್ಧತಿಯ ಇನ್ನೊಂದು ಅಂಗ. ಮಗು ಕಂಡದ್ದು, ಓದಿದ್ದು ಆಯಾ ಶತಮಾನದ ಪುಟಕ್ಕೆ ಸೇರುತ್ತ ಹೋಗಬೇಕು. ಎರಡನೆಯದು ಅಮೆರಿಕದ ಸೂಸನ್ ವೈಸ್ ಬಾವರ್ ಮತ್ತು ಆಕೆಯ ತಾಯಿ ಜೆಸ್ಸಿ ವೈಸ್ 1999ರಲ್ಲಿ ಪ್ರಕಟಿಸಿದ ಗ್ರಂಥದಿಂದ ಹಬ್ಬಿದ್ದು. ಇಲ್ಲಿ ಜಗತ್ತಿನ ಚರಿತ್ರೆಯನ್ನು ನಾಲ್ಕು ವರ್ಷಗಳಿಗೆ ಹಂಚಿದೆ: ಕ್ರಿ. ಶ. 400ರವರೆಗಿನ ಪ್ರಾಚೀನ ಕಾಲಕ್ಕೆ ಒಂದು ವರ್ಷ, 1600ರವರೆಗೆ ಒಂದು, 1850ರವರೆಗೆ ಒಂದು, ಅಲ್ಲಿಂದ ಈಚೆಗೆ ಒಂದು. ನಾಲ್ಕು ವರ್ಷ ಮುಗಿದೊಡನೆ ಮತ್ತೆ ಮೊದಲಿನಿಂದ, ಇನ್ನಷ್ಟು ಆಳವಾಗಿ. ಹನ್ನೆರಡು ವರ್ಷಗಳಲ್ಲಿ ಮೂರು ಸುತ್ತು. ಒಂದು ಮನೆಯ ಮಕ್ಕಳೆಲ್ಲರೂ ಆ ವರ್ಷ ಅದೇ ಯುಗದಲ್ಲಿ ಇರಬಹುದು. ಅವರವರ ಓದು ಬರಹ ಅವರವರ ವಯಸ್ಸಿಗೆ ತಕ್ಕಂತೆ. ಎರಡನೆಯದರ ಚೌಕಟ್ಟಿನಲ್ಲಿ ಮೊದಲನೆಯದರ ರೀತಿಯನ್ನು ಇಡಬೇಕೆಂದು ನಾನು ಸೂಚಿಸಿದೆ.

ಆದರೆ ಅಲ್ಲಿಯೂ ಒಂದು ಲೆಕ್ಕವಿದೆ. ಆ ನಾಲ್ಕು ಸಂಪುಟಗಳನ್ನು ತರಿಸಿಕೊಂಡವರು ಸಹಜವಾಗಿ ಮೊದಲ ಸಂಪುಟದಿಂದಲೇ ತೊಡಗುತ್ತಾರೆ. ಈ ಕುಟುಂಬವೂ ಹಾಗೆಯೇ ಯೋಚಿಸಿತ್ತು. ಆರರ ಮಗುವಿಗೆ ಅದು ಸರಿ. ಆಕೆಗೆ ಮೂರು ಸುತ್ತುಗಳು ಮುಂದಿವೆ. ಹತ್ತರ ಹುಡುಗನಿಗೆ ಎರಡು ದೊರೆಯುತ್ತವೆ. ಹದಿಮೂರರ ಹುಡುಗಿಗೆ ದೊರೆಯುವುದು ಒಂದೇ. ಆಕೆ ಏಳನೆಯ ತರಗತಿಯವರೆಗೆ ಅಲ್ಲಿಯ ಸರ್ಕಾರಿ ಶಾಲೆಯಲ್ಲಿ ಓದಿದವಳು. ಕ್ಯಾಲಿಫೋರ್ನಿಯದ ಶಾಲೆಗಳಲ್ಲಿ ಆರನೆಯ ತರಗತಿಯಲ್ಲಿ ಪ್ರಾಚೀನ ನಾಗರಿಕತೆಗಳನ್ನೂ ಏಳರಲ್ಲಿ ಮಧ್ಯಯುಗವನ್ನೂ ಓದಿಸುತ್ತಾರೆ. ತಂಗಿಗಾಗಿ ಆಕೆಯನ್ನು ಮತ್ತೆ ನೈಲ್ ನದಿಯ ದಂಡೆಗೆ ಕರೆದೊಯ್ದರೆ ಎರಡು ವರ್ಷ ಓದಿದ್ದನ್ನೇ ಓದಬೇಕು. ಎಲ್ಲಿಂದ ಆರಂಭಿಸಬೇಕೆಂಬುದನ್ನು ಹಿರಿಯ ಮಗುವನ್ನು ನೋಡಿ ನಿರ್ಧರಿಸಬೇಕು. ಅದರ ಕೈಯಲ್ಲಿ ಕಾಲ ಕಡಿಮೆ. ಎಷ್ಟು ವೇಗವಾಗಿ ಹೋಗಬೇಕೆಂಬುದಕ್ಕೆ ನಡುವಣ ಮಗು ಅಳತೆಗೋಲು. ಕಿರಿಯ ಮಗುವಿಗೆ ಬೇಕಾದದ್ದು ಕಥೆ, ಅದು ಯಾವ ಶತಮಾನದಲ್ಲಿಯೂ ಬೇಕಾದಷ್ಟಿದೆ.

"ಆದಿಯನ್ನು ಬಿಟ್ಟು ನಡುವಿನಿಂದ ತೊಡಗಿದರೆ ಸಣ್ಣವಳಿಗೆ ಗೊಂದಲವಾಗುವುದಿಲ್ಲವೇ ಸಾರ್?" ಎಂದು ತಾಯಿ ಕೇಳಿದರು. ಆ ಮಗುವೇ ಉತ್ತರ ಕೊಟ್ಟಿತು. ಶ್ರೀರಂಗಪಟ್ಟಣವನ್ನು ನೋಡಿಕೊಂಡು ಬಂದಿದ್ದ ಅದು ನನ್ನ ಬಿಳಿಯ ತಲೆಯನ್ನು ದಿಟ್ಟಿಸಿ, "ತಾತ, ನೀವು ಟಿಪ್ಪು ಸುಲ್ತಾನನ್ನು ನೋಡಿದ್ದೀರಾ?" ಎಂದಿತು. ಆರರ ವಯಸ್ಸಿಗೆ ಅಜ್ಜಿಯ ಬಾಲ್ಯವೂ ಅಶೋಕನ ಕಾಲವೂ ಒಂದೇ 'ಹಿಂದೆ'. ಇಲ್ಲದ ಕಾಲಾನುಕ್ರಮವನ್ನು ಕೆಡಿಸುವ ಭಯವಿಲ್ಲ.

ಇನ್ನೊಂದು ಭಯ ಮಾತ್ರ ನಿಜವಾದದ್ದು. ಹೀಗೆ ತೊಡಗಿದರೆ ಎರಡನೆಯ ವರ್ಷಕ್ಕೆ ಇಪ್ಪತ್ತನೆಯ ಶತಮಾನ ಬರುತ್ತದೆ, ಕಿರಿಯಳಿಗೆ ಆಗ ಏಳು ವರ್ಷ. ಎರಡು ಮಹಾಯುದ್ಧಗಳು, ಯಹೂದ್ಯರ ಮಾರಣಹೋಮ, ನಮ್ಮ ದೇಶದ ವಿಭಜನೆ, ಇವನ್ನು ಏಳರ ಮಗುವಿನ ಮುಂದಿಡುವುದು ಹೇಗೆ? ಇಡಬಾರದು ಎಂದೇ ನನ್ನ ಉತ್ತರ. ಅಕ್ಕ ಅವನ್ನು ಓದಲಿ. ತಂಗಿಗೆ ಆ ವರ್ಷ ಅಜ್ಜಿಯ ಒಲೆ, ವಿದ್ಯುದ್ದೀಪ ಬಾರದ ಊರು, ಮೊದಲ ರೈಲು ಪ್ರಯಾಣ, ತಂದೆ ಮೊದಲ ಬಾರಿ ವಿಮಾನವೇರಿದ ದಿನ. ಇವೂ ಇಪ್ಪತ್ತನೆಯ ಶತಮಾನದ ಚರಿತ್ರೆಯೇ. ನಾಲ್ಕು ವರ್ಷಗಳ ಮೇಲೆ ಅದೇ ಶತಮಾನ ಮತ್ತೆ ಬರುತ್ತದಷ್ಟೆ. ಮಗುವಿನಿಂದ ಮುಚ್ಚಿಡುವುದಕ್ಕೂ ಮುಂದೂಡುವುದಕ್ಕೂ ವ್ಯತ್ಯಾಸವಿದೆ.

ಒಂದೇ ಮಗುವಿಗೆ ಎರಡು ವಯಸ್ಸುಗಳಲ್ಲಿ ಎರಡು ಬಗೆಯ ಚರಿತ್ರೆಯನ್ನು ಮನೆಯವರೇ ಕಲಿಸಿದ ಪ್ರಸಿದ್ಧ ನಿದರ್ಶನ ನಮ್ಮ ದೇಶದಲ್ಲಿಯೇ ಇದೆ. 1928ರ ಬೇಸಿಗೆಯಲ್ಲಿ ಮಸ್ಸೂರಿಯಲ್ಲಿದ್ದ ಹತ್ತು ವರ್ಷದ ಮಗಳಿಗೆ ಜವಾಹರಲಾಲ್ ನೆಹರೂ ಅಲಹಾಬಾದಿನಿಂದ ಬರೆದ ಪತ್ರಗಳಲ್ಲಿ ರಾಜರ ಸುದ್ದಿ ಕಡಿಮೆ. ಭೂಮಿ ಹೇಗಾಯಿತು, ಕಲ್ಲುಗಳನ್ನು ಓದುವುದು ಹೇಗೆ, ಭಾಷೆಗಳು ಹೇಗೆ ಹುಟ್ಟಿದವು ಎಂಬ ಮಾತುಗಳೇ ಹೆಚ್ಚು. ಅದೇ ತಂದೆ 1930ರ ಅಕ್ಟೋಬರಿನಿಂದ 1933ರ ಆಗಸ್ಟಿನವರೆಗೆ ಸೆರೆಮನೆಗಳಿಂದ ಬರೆದ 196 ಪತ್ರಗಳು ಪ್ರಪಂಚದ ಇಡೀ ಚರಿತ್ರೆಯನ್ನು ವಿಸ್ತರಿಸುತ್ತವೆ. ಮಗಳಿಗೆ ಆಗ ಹದಿಮೂರರಿಂದ ಹದಿನೈದು. ಸುಸಜ್ಜಿತವಾದ ಗ್ರಂಥಾಲಯವಾಗಲೀ ಸಿದ್ಧ ಪಠ್ಯಕ್ರಮವಾಗಲೀ ಸೆರೆಮನೆಯಲ್ಲಿರಲಿಲ್ಲ. ವಯಸ್ಸಿಗೆ ತಕ್ಕ ಚರಿತ್ರೆಯೆಂದರೆ ಅದೇ ಪಾಠವನ್ನು ಚಿಕ್ಕದಾಗಿ ಮಾಡುವುದಲ್ಲ, ಬೇರೆಯದೇ ಪ್ರಶ್ನೆಯನ್ನು ಕೇಳುವುದು ಎಂಬುದನ್ನು ಈ ಎರಡು ಪುಸ್ತಕಗಳನ್ನು ಜೊತೆಯಲ್ಲಿಟ್ಟು ಓದಿದವರು ಕಾಣಬಹುದು.

ಇಲ್ಲಿಯವರೆಗೆ ನನಗೂ ನನ್ನ ಶಿಷ್ಯನಿಗೂ ಭಿನ್ನಾಭಿಪ್ರಾಯವಿರಲಿಲ್ಲ. ಅದು ಹುಟ್ಟಿದ್ದು, ವಾರದ ದಿನಗಳಲ್ಲಿ ಜಗತ್ತಿನ ಚರಿತ್ರೆಯನ್ನು ಇಂಗ್ಲಿಷ್ ಪುಸ್ತಕಗಳಿಂದಲೂ, ಭಾನುವಾರ 'ನಮ್ಮ ಚರಿತ್ರೆ'ಯನ್ನು ಕನ್ನಡದ ವೀರಕಥೆಗಳಿಂದಲೂ ಹೇಳಿಕೊಡುವ ತನ್ನ ಯೋಜನೆಯನ್ನು ಆತ ಬಿಚ್ಚಿಟ್ಟಾಗ. ನಾಲ್ಕು ಸಂಪುಟಗಳಲ್ಲಿ ಲೋಕವನ್ನೆಲ್ಲ ಹೇಳಹೊರಟ ಪುಸ್ತಕದಲ್ಲಿ ಬಾದಾಮಿಯ ಚಾಲುಕ್ಯರಿಗೆ ಎಷ್ಟು ಜಾಗ ದೊರೆತೀತು? ಆ ಕೊರತೆ ಅವನನ್ನು ನೋಯಿಸಿತ್ತು. ನೋವು ನ್ಯಾಯವಾದದ್ದೇ. ಆದರೆ ಪರಿಹಾರ ಸರಿಯಲ್ಲ. ವಾರದ ಚರಿತ್ರೆಗೆ ಪ್ರಶ್ನೆಗಳು, ಭಾನುವಾರದ ಚರಿತ್ರೆಗೆ ನಮಸ್ಕಾರ ಎಂದಾದರೆ, ಹದಿಮೂರರ ಹುಡುಗಿ ಮೊದಲನೆಯದನ್ನು ವಿದ್ಯೆಯೆಂದೂ ಎರಡನೆಯದನ್ನು ಮನೆಯ ಪದ್ಧತಿಯೆಂದೂ ಬೇಗನೆ ವಿಂಗಡಿಸಿಕೊಳ್ಳುತ್ತಾಳೆ. ಹದಿನೆಂಟರಲ್ಲಿ ಮನೆ ಬಿಡುವಾಗ ಎರಡನೆಯದನ್ನು ಮನೆಯಲ್ಲಿಯೇ ಬಿಟ್ಟು ಹೋಗುತ್ತಾಳೆ.

ಅಷ್ಟಕ್ಕೂ ಚರಿತ್ರೆ ಹಾಗೆ ಎರಡು ಡಬ್ಬಿಗಳಲ್ಲಿ ನಡೆದೇ ಇಲ್ಲ. ಹುಡುಗಿಯನ್ನು ಕರೆದು, ಕಾರ್ನ್‌ವಾಲಿಸ್ ಎಂಬ ಹೆಸರನ್ನು ಕೇಳಿದ್ದೀಯಾ ಎಂದೆ. ಐದನೆಯ ತರಗತಿಯಲ್ಲಿಯೇ ಓದಿದ್ದಳು: 1781ರಲ್ಲಿ ಯಾರ್ಕ್‌ಟೌನಿನಲ್ಲಿ ವಾಷಿಂಗ್ಟನ್ನನಿಗೆ ಸೋತು ಶರಣಾದ ಇಂಗ್ಲಿಷ್ ಸೇನಾಪತಿ. ಆಮೇಲೆ ಅವನೇನಾದ? ಅದು ಅಲ್ಲಿಯ ಪಾಠದಲ್ಲಿಲ್ಲ. ಅಲ್ಲಿ ಸೋತವನು 1786ರಲ್ಲಿ ಗವರ್ನರ್ ಜನರಲ್ ಆಗಿ ಇಲ್ಲಿಗೆ ಬಂದ. 1791ರಲ್ಲಿ ಬೆಂಗಳೂರಿನ ಕೋಟೆಯನ್ನು ಹಿಡಿದ. 1792ರಲ್ಲಿ ಶ್ರೀರಂಗಪಟ್ಟಣದ ಒಪ್ಪಂದದಲ್ಲಿ ಟಿಪ್ಪುವಿನ ಅರ್ಧ ರಾಜ್ಯವನ್ನು ಕಿತ್ತುಕೊಂಡು, ಅವನ ಇಬ್ಬರು ಮಕ್ಕಳನ್ನು ಒತ್ತೆಯಿರಿಸಿಕೊಂಡ. ನಮ್ಮ ಪಠ್ಯಪುಸ್ತಕದಲ್ಲಿ ಇದು ಇದೆ, ಯಾರ್ಕ್‌ಟೌನ್ ಬೇರೊಂದು ಅಧ್ಯಾಯದಲ್ಲಿದೆ. ಎರಡೂ ಒಬ್ಬನೇ ಮನುಷ್ಯನ ಆಯುಷ್ಯವೆಂದು ನಾನೂ ಒಂದು ದಿನವಾದರೂ ತರಗತಿಯಲ್ಲಿ ಹೇಳಿದವನಲ್ಲ. ಇನ್ನೊಂದು ಸಂಗತಿ ಹುಡುಗನಿಗೆ ಬಲು ಹಿಡಿಸಿತು. ಇಂಗ್ಲಿಷರೊಡನೆ ಕಾದುತ್ತಿದ್ದ ಅಮೆರಿಕದ ಪೆನ್ಸಿಲ್ವೇನಿಯ ಸಂಸ್ಥಾನದ ಒಂದು ಯುದ್ಧನೌಕೆಯ ಹೆಸರು 'ಹೈದರ್ ಆಲಿ'. 1782ರ ಏಪ್ರಿಲಿನಲ್ಲಿ ಡೆಲವೇರ್ ಕೊಲ್ಲಿಯಲ್ಲಿ ಅದು ತನಗಿಂತ ಬಲವಾದ ಇಂಗ್ಲಿಷ್ ಹಡಗೊಂದನ್ನು ಸೆರೆಹಿಡಿಯಿತು. ಮೈಸೂರಿನ ಹೈದರನೂ ಆಗ ಇಂಗ್ಲಿಷರೊಡನೆ ಯುದ್ಧದಲ್ಲಿಯೇ ಇದ್ದ. ಆ ವರ್ಷದ ಡಿಸೆಂಬರಿನಲ್ಲಿ ತೀರಿಕೊಂಡ. 1600ರಿಂದ 1850ರವರೆಗಿನ ಸಂಪುಟದಿಂದಲೇ ತೊಡಗಬೇಕೆಂದು ನಾನು ಹಟ ಹಿಡಿದುದಕ್ಕೆ ಹಿರಿಯ ಮಗಳ ವಯಸ್ಸಲ್ಲದೆ ಇದೂ ಒಂದು ಕಾರಣ: ಈ ಮಕ್ಕಳ ಎರಡು ಊರುಗಳೂ ಒಂದೇ ಪುಟದಲ್ಲಿ ಸಿಗುವ ಕಾಲ ಅದು.

ಮಾರನೆಯ ದಿನ ಎಲ್ಲರೂ ಬಳ್ಳಿಗಾವಿಗೆ ಹೋದೆವು. ಕೇದಾರೇಶ್ವರನ ಗುಡಿಯ ಅಂಗಳದಲ್ಲಿ ನಿಂತ ಶಾಸನಗಳ ನಡುವೆ ಕುಳಿತು, ಆ ಊರಿನ ಕೋಡಿಯ ಮಠವನ್ನು ಕುರಿತ 1162ರ ಶಾಸನದ ಸಾರವನ್ನು ಬಿ. ಎಲ್. ರೈಸ್ ಅವರು ಅಚ್ಚು ಮಾಡಿಸಿದ ಪಾಠದಿಂದ ಓದಿ ಹೇಳಿದೆ. ಕಳಚೂರ್ಯ ಬಿಜ್ಜಳನ ಕಾಲದ ಕಾಳಾಮುಖರ ಮಠವದು. ವೇದ, ವ್ಯಾಕರಣ, ದರ್ಶನ, ಪುರಾಣ, ಕಾವ್ಯ, ನಾಟಕಗಳ ಅಧ್ಯಯನಕ್ಕೆ ಅದು ಸ್ಥಾನವೆಂದೂ, ದೀನರು, ಕುರುಡರು, ಕಿವುಡರು, ಹಾಡುವವರು, ಕುಣಿಯುವವರು ಮೊದಲಾದವರಿಗೆ ಅಲ್ಲಿ ಅನ್ನವೆಂದೂ, ರೋಗಿಗಳಿಗೆ ಔಷಧವೆಂದೂ ಶಾಸನ ಹೇಳುತ್ತದೆ. ಕಿರಿಯಳ ಗಮನವೆಲ್ಲ ಶಾಸನದ ಕಲ್ಲುಗಳ ನೆತ್ತಿಯ ಮೇಲೆ ಕೆತ್ತಿದ ಸೂರ್ಯ, ಚಂದ್ರ, ಹಸುಕರುಗಳಲ್ಲಿ. ಅವು ಏಕೆ ಇವೆ ಎಂಬುದಕ್ಕೆ, ಸೂರ್ಯಚಂದ್ರರು ಇರುವವರೆಗೆ ಈ ಮಾತು ಇರಲಿ ಎಂದು, ಎಂಬ ಉತ್ತರ ಆಕೆಗೆ ಸಾಕಾಯಿತು; ಚಿತ್ರ ಬರೆಯುತ್ತ ಕುಳಿತಳು. ಹುಡುಗ ಉಣ್ಣುವವರ ಪಟ್ಟಿ ಮಾಡಿದ. ಶತಮಾನಗಳ ಪುಸ್ತಕದ ಹನ್ನೆರಡನೆಯ ಪುಟದಲ್ಲಿ 1162 ಎಂದು ಬರೆದು, ಎದುರು ಪುಟದಲ್ಲಿ, ತಾನು ಓದಿದ್ದ ಪ್ಯಾರಿಸಿನ ನೋತ್ರ್ ದಾಮ್ ಇಗರ್ಜಿಯ ಕಟ್ಟಡ ಆರಂಭವಾದ 1163ನ್ನು ಸೇರಿಸಿದ. ಹಿರಿಯಳು ಮಾತ್ರ ಸ್ವಲ್ಪ ಹೊತ್ತು ಸುಮ್ಮನಿದ್ದು ಕೇಳಿದಳು: "ಇದನ್ನು ಬರೆಸಿದವರು ಮಠದ ಕಡೆಯವರೇ ಅಲ್ಲವೇ? ಹಾಗಾದರೆ ಇದು ನಿಜವೆಂದು ನಮಗೆ ಹೇಗೆ ಗೊತ್ತು?"

ಈ ಬಾರಿ ನಾನು ಕುಳಿತುಕೋ ಎನ್ನಲಿಲ್ಲ. ಹೊಗಳಿಕೆಯ ಶಾಸನವನ್ನು ಎಷ್ಟು ನಂಬಬೇಕು, ಭೂಮಿಯ ಎಲ್ಲೆಯನ್ನು ಹೇಳುವಾಗ ಅದು ಸುಳ್ಳಾಡುವ ಸಂಭವ ಏಕೆ ಕಡಿಮೆ ಎಂಬುದನ್ನು ಸುಮಾರು ಒಂದು ಗಂಟೆ ಮಾತನಾಡಿದೆವು. ನಮ್ಮ ಶಾಲೆಯ ಗೋಡೆಗಳಲ್ಲಿ ದಾನಿಗಳ ಹೆಸರಿನ ಕಲ್ಲುಗಳಿವೆಯಷ್ಟೆ. ಎಂಟು ನೂರು ವರ್ಷಗಳ ಮೇಲೆ ಅವನ್ನು ಓದುವವನಿಗೆ ಕೊಠಡಿಯನ್ನು ಕಟ್ಟಿಸಿದವರು ಯಾರೆಂದು ತಿಳಿಯುತ್ತದೆ, ಅದರಲ್ಲಿ ಕುಳಿತು ಓದಿದವರು ಯಾರೆಂದು ತಿಳಿಯುವುದಿಲ್ಲ. (ದಾನಿಗಳು ಮುನಿಯಬಾರದು, ಕೊಠಡಿಯಿಲ್ಲದಿದ್ದರೆ ಕೂರುವುದೂ ಇಲ್ಲ.)

ಹಿಂದಿರುಗುವಾಗ ನನ್ನ ಶಿಷ್ಯ, ಇದು ಅಲ್ಲಮಪ್ರಭುಗಳ ಊರೆಂದು ಮಕ್ಕಳಿಗೆ ಹೇಳಿದ. ಹೇಳಬೇಕಾದದ್ದೇ. ಕಿರಿಯಳಿಗೆ ಮದ್ದಳೆಯ ಕಥೆ ಸಾಕು. ಆದರೆ ಹಿರಿಯಳಿಗೆ ಇನ್ನೂ ಒಂದು ಮಾತನ್ನು ಹೇಳೆಂದೆ. ಹರಿಹರನ ರಗಳೆಯ ಅಲ್ಲಮ ಬಳ್ಳಿಗಾವಿಯವನು, ಕಾಮಲತೆಯನ್ನು ಒಲಿದವನು, ಆಕೆಯ ಮರಣದ ದುಃಖದಿಂದ ವೈರಾಗ್ಯಕ್ಕೆ ತಿರುಗಿದವನು. ಚಾಮರಸನ ಪ್ರಭುಲಿಂಗಲೀಲೆಯ ಪ್ರಭು ಬನವಸೆಯಲ್ಲಿ ಮದ್ದಳೆ ನುಡಿಸುತ್ತಾನೆ. ಮಾಯೆ ಅವನನ್ನು ಬೆನ್ನಟ್ಟುತ್ತಾಳೆ, ಆತ ಸಿಕ್ಕುವುದಿಲ್ಲ. ಇಬ್ಬರೂ ಭಕ್ತರೇ, ಇಬ್ಬರೂ ದೊಡ್ಡ ಕವಿಗಳೇ. ನನ್ನ ಶಿಷ್ಯನಿಗೆ ಸಂಕೋಚವಾಯಿತು: "ಹಾಗೆ ಹೇಳಿದರೆ ಮಕ್ಕಳ ಶ್ರದ್ಧೆ ಕೆಡುವುದಿಲ್ಲವೇ ಸಾರ್?" ಕೆಡುವುದು ಈಗ ನಾವು ಮುಚ್ಚಿಟ್ಟು, ಮುಂದೆ ಕಾಲೇಜಿನಲ್ಲಿ ಬೇರೆ ಯಾರಾದರೂ ವ್ಯಂಗ್ಯದಿಂದ ಹೇಳಿದಾಗ, ಎಂದೆ. ಆತ ಒಪ್ಪಿದನೆಂದು ನಾನು ಹೇಳಲಾರೆ.

ಈ ಮಾತನ್ನು ಇಷ್ಟು ಒತ್ತಿ ಹೇಳಲು ಕಾರಣವಿದೆ. ಶಾಲೆಯಲ್ಲಿ ನನ್ನಂಥ ಉಪಾಧ್ಯಾಯನ ತಪ್ಪನ್ನು ತಿದ್ದಲು ಮುಂದಿನ ವರ್ಷದ ಉಪಾಧ್ಯಾಯನಿದ್ದಾನೆ, ಪಕ್ಕದ ಬೆಂಚಿನ ಜಾಣನಿದ್ದಾನೆ, ವಿದ್ಯಾರ್ಥಿ ನಿಲಯದ ರಾತ್ರಿಯ ಹರಟೆಯಿದೆ. ಮನೆಯಲ್ಲಿ ಇದಾವುದೂ ಇಲ್ಲ. ತಂದೆತಾಯಿ ಆರಿಸಿ ತಂದದ್ದೇ ಮಗುವಿಗೆ ಸಮಸ್ತ ಭೂತಕಾಲ. ಆದುದರಿಂದ ಮನೆಗೆ ತರುವ ಪಠ್ಯಕ್ರಮದಲ್ಲಿ, ಹತ್ತು ವರ್ಷ ದಾಟಿದ ಮಗುವಿಗೆ, ಒಂದು ಸಂಗತಿಗೆ ಎರಡು ಸಾಕ್ಷಿಗಳಾದರೂ ದೊರೆಯಲೇಬೇಕು. ಸಂಪುಟಗಳ ಬಣ್ಣ, ಚಿತ್ರಗಳ ಅಂದ, ಜೊತೆಗೆ ಕೊಡುವ ಚಟುವಟಿಕೆಯ ಹಾಳೆಗಳು, ಇವೆಲ್ಲ ಆಮೇಲಿನ ಮಾತು.

ಅವರು ವಾಸಿಸುವ ಕಡೆಯೂ ಓದಬೇಕಾದ ಕಲ್ಲುಗಳಿವೆ. ಸ್ಯಾನ್ ಫ್ರಾನ್ಸಿಸ್ಕೊ ಕೊಲ್ಲಿಯ ಪೂರ್ವಕ್ಕೆ, ನಮ್ಮವರು ಬಹಳ ಮಂದಿ ನೆಲೆಸಿರುವ ಫ್ರೀಮಾಂಟ್ ಊರಿನಲ್ಲಿ, ಸ್ಪೇನಿನ ಪಾದ್ರಿಗಳು 1797ರ ಜೂನ್ 11ರಂದು ಸ್ಥಾಪಿಸಿದ ಸ್ಯಾನ್ ಹೊಸೆ ಮಿಷನ್ ಇದೆ. ಕ್ಯಾಲಿಫೋರ್ನಿಯದ 21 ಮಿಷನ್‌ಗಳಲ್ಲಿ ಅದು ಹದಿನಾಲ್ಕನೆಯದು. ಹೊಲಗಳಲ್ಲಿ ದುಡಿದವರು, ಗೋಡೆಗಳಿಗೆ ಮಣ್ಣು ಹೊತ್ತವರು ಒಲೋನಿ ಮೊದಲಾದ ಅಲ್ಲಿಯ ಮೂಲನಿವಾಸಿಗಳು. ತಂದ ರೋಗಗಳಿಗೆ ಬಲಿಯಾದವರೂ ಅವರೇ. 1868ರ ಭೂಕಂಪದಲ್ಲಿ ಇಗರ್ಜಿ ಕುಸಿಯಿತು. ಈಗ ಕಾಣುವುದು 1985ರಲ್ಲಿ ಪೂರ್ತಿಯಾದ ಪ್ರತಿಕೃತಿ. "ಅದು ನಮ್ಮದಲ್ಲವಲ್ಲ ಸಾರ್," ಎಂದ ನನ್ನ ಶಿಷ್ಯ. ಆತನದಲ್ಲ, ನಿಜ. ಆತನ ಮಕ್ಕಳು ಹುಟ್ಟಿದ್ದು ಅದರಿಂದ ಕೆಲವೇ ಮೈಲಿ ದೂರದಲ್ಲಿ. ಆ ಮಿಷನ್ ಸ್ಥಾಪನೆಯಾದ ಎರಡೇ ವರ್ಷಕ್ಕೆ, 1799ರ ಮೇ 4ರಂದು, ಶ್ರೀರಂಗಪಟ್ಟಣ ಬಿತ್ತು. ಎದುರು ಬದುರಿನ ಪುಟಗಳಲ್ಲಿ ಬರೆದುಕೊಳ್ಳಲಿ ಎಂದೆ.

ಡಿಸೆಂಬರಿನಲ್ಲಿ ಪತ್ರ ಬಂತು. ಮೂರನೆಯ ಸಂಪುಟದಿಂದ ತೊಡಗಿದ್ದಾರೆ. ಭಾನುವಾರದ ತರಗತಿ ನಿಂತಿಲ್ಲ. ಆದರೆ ಈಗ ಅದರಲ್ಲಿ ಪ್ರಶ್ನೆ ಕೇಳಲು ಅನುಮತಿಯಿದೆಯೆಂದು ತಾಯಿ ಬರೆದಿದ್ದಾರೆ. ಮಿಷನ್ನನ್ನು ನೋಡಿ ಬಂದರಂತೆ. ಹುಡುಗ ತನ್ನ ಪಟ್ಟಿಯನ್ನು ಮರೆತಿಲ್ಲ. ಕೋಡಿಯ ಮಠದ ಶಾಸನದಲ್ಲಿ ಉಣ್ಣುವವರು ಯಾರೆಂದು ಇದೆ, ಎಷ್ಟು ಮಂದಿಯೆಂದು ಇಲ್ಲ. ಅಪ್ಪ ಓದಿದ ಮಠದ ಶಾಲೆಯಲ್ಲಿ ಅದನ್ನು ಬರೆದಿಡುತ್ತಾರೆಯೇ ಎಂದು ಅವನ ಪ್ರಶ್ನೆ. ನಾನು ವಿದ್ಯಾರ್ಥಿ ನಿಲಯಕ್ಕೆ ಹೋಗಿ ವಿಚಾರಿಸಿದೆ. ಉಗ್ರಾಣದವರು ದಿನವಹಿ ಪುಸ್ತಕವನ್ನು ತೆಗೆದು ತೋರಿಸಿದರು. ಒಂದು ಪುಟದ ಛಾಯಾಪ್ರತಿಯನ್ನು ಮಾಡಿಸಿ ಕಳುಹಿಸಿದ್ದೇನೆ. ಅದರಲ್ಲಿ ಆ ದಿನ ಎರಡು ಹೊತ್ತು ಉಂಡ ಮಕ್ಕಳ ಸಂಖ್ಯೆಯಿದೆ, ಅಕ್ಕಿ ಬೇಳೆಗಳ ತೂಕವಿದೆ, ಕೆಳಗೆ ಅಡಿಗೆಯವರ ಹೆಬ್ಬೆಟ್ಟಿನ ಗುರುತಿದೆ.